ಯಾರ ತಲೆಗೆ ಯಾರ ಟೋಪಿ

ಸುಮಾರು ಆರುನೂರು ವರ್ಷಗಳ ಹಿಂದೆ ತೆಲುಗಿನ ಮಹಾಕವಿ ಶ್ರೀನಾಥ ವಿಜಯನಗರಕ್ಕೆ ಬಂದ. ಕೊಂಡವೀಡಿನ ರೆಡ್ಡಿ ಅರಸರ ಬಳಿ ಮೆರೆದಿದ್ದವನು. ಇಲ್ಲಿ ಪ್ರೌಢದೇವರಾಯನ ಸಭೆಯಲ್ಲಿ ಡಿಂಡಿಮಭಟ್ಟನೆಂಬ ಪಂಡಿತನನ್ನು ಗೆದ್ದು, ಆತನ ಕಂಚಿನ ಡಿಂಡಿಮವನ್ನು ಒಡೆಸಿ, ಕನಕಾಭಿಷೇಕ ಮಾಡಿಸಿಕೊಂಡನೆಂದು ಕಥೆ. ಗೆದ್ದದ್ದು ಆಮೇಲೆ. ಮೊದಲು ಅರಮನೆಯ ಒಳಗೆ ಹೋಗಬೇಕಲ್ಲ! ಅದಕ್ಕೆ ಅವನು ಏನೇನು ಪಾಡುಪಟ್ಟನೆಂದು ಅವನ ಹೆಸರಿನಲ್ಲೇ ಒಂದು ಚಾಟುಪದ್ಯ ತೆಲುಗಿನವರ ಬಾಯಲ್ಲಿ ಇಂದಿಗೂ ಇದೆ. ತಲೆಗೆ ಕುಲ್ಲಾಯಿ ಏರಿಸಿಕೊಂಡೆ, ಮೈಗೆ ದೊಡ್ಡ ಅಂಗಿ ತೊಟ್ಟೆ, ಬೆಳ್ಳುಳ್ಳಿ ಬೆರೆಸಿದ್ದನ್ನು ತಿಂದೆ, ಅಂಬಲಿ ಕುಡಿದೆ, ಇಷ್ಟಾದರೂ ನಿನಗೆ ಕರುಣೆ ಬಾರದೇ ಎಂದು ಕನ್ನಡ ರಾಜ್ಯಲಕ್ಷ್ಮಿಯನ್ನೇ ಅವನು ಕೇಳುತ್ತಾನೆ. ಬೆಳ್ಳುಳ್ಳಿಯ ವಿಷಯದಲ್ಲಿ ನಾನು ನಮ್ಮವರ ಪರ. ಟೋಪಿಯ ವಿಷಯದಲ್ಲಿ ಮಾತ್ರ ನನಗೆ ಕವಿಯ ಮೇಲೆ ಮರುಕವಿದೆ.

ಆ ಕುಲ್ಲಾಯಿ ಹೇಗಿತ್ತೆಂದು ನೋಡಬೇಕಾದರೆ ತಿರುಮಲೆಗೆ ಹೋದಾಗ ಮಹಾದ್ವಾರ ದಾಟಿದ ಕೂಡಲೆ ಒಂದು ಗಳಿಗೆ ನಿಲ್ಲಿ. ಹಿಂದಿನವರು ತಳ್ಳುತ್ತಾರೆ, ಆದರೂ ನಿಲ್ಲಿ. ತಿರುಮಲಾದೇವಿ, ಚಿನ್ನಾದೇವಿಯರ ನಡುವೆ ಕೃಷ್ಣದೇವರಾಯ ಕೈಮುಗಿದು ನಿಂತ ಲೋಹದ ವಿಗ್ರಹ ಅಲ್ಲಿದೆ. ಅವನ ತಲೆಯ ಮೇಲೆ ಉದ್ದಕ್ಕೆ ನಿಂತಿರುವುದೇ ಆ ಟೋಪಿ. 1520ರ ಸುಮಾರಿಗೆ ರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಜರತಾರಿಯ ಟೋಪಿ ಎಂದು ಬರೆದಿಟ್ಟಿದ್ದಾನೆ. ಅದರ ಆಕಾರಕ್ಕೆ ತನ್ನ ಕಡೆಯ ಗಲೀಸಿಯಾದ ಸೈನಿಕರ ಶಿರಸ್ತ್ರಾಣವನ್ನು ಹೋಲಿಸಿದ್ದಾನೆ. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳಲ್ಲಿ, ಆ ಗುಡಿ ಕಟ್ಟಿಸಿದ ವಿರೂಪಣ್ಣನೂ ಅವನ ಪರಿವಾರವೂ ಇದೇ ಉದ್ದನೆಯ ಟೋಪಿಯಲ್ಲಿ ಸಾಲಾಗಿ ನಿಂತಿದ್ದಾರೆ.

ಇದು ನಮ್ಮ ದೇವಾಲಯಗಳ ಕಲ್ಲಿನಲ್ಲಿ ಕಾಣುವ ಕಿರೀಟವಲ್ಲ, ಪರ್ಷಿಯಾ ಕಡೆಯಿಂದ ಬಂದ ಟೋಪಿ. ಸುಲ್ತಾನರ ಜೊತೆ ಕಾದಾಡುತ್ತಿದ್ದ ಅರಸರು ಸುಲ್ತಾನರ ಆಸ್ಥಾನದ ಟೋಪಿಯನ್ನೇ ಏಕೆ ಹಾಕಿಕೊಂಡರು? ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ಉತ್ತರ ಹುಡುಕಿದ್ದಾರೆ. ಆ ಕಾಲಕ್ಕೆ ಪರ್ಷಿಯಾದಿಂದ ದಖ್ಖನಿನವರೆಗೆ ದೊಡ್ಡ ಆಸ್ಥಾನಗಳಿಗೆಲ್ಲ ಒಂದು ಉಡುಪು ಬಂದುಬಿಟ್ಟಿತ್ತು. ಕುಲ್ಲಾಯಿ, ಕಬಾಯಿ ಎಂಬ ನಿಲುವಂಗಿ ಎರಡೂ ಅದರಲ್ಲಿ ಸೇರಿದ್ದವು. ರಾಯಭಾರಿಗಳೂ ಕುದುರೆ ವ್ಯಾಪಾರಿಗಳೂ ಬರುವ ಸಭೆಯಲ್ಲಿ ನಾವೂ ಆ ಸಾಲಿನ ಅರಸರೆಂದು ತೋರಿಸಿಕೊಳ್ಳಬೇಕಾದರೆ ಅದನ್ನು ತೊಡಬೇಕಿತ್ತು. ಅರಸನಿಗೆ ಅದು ತಾನಾಗಿ ಆರಿಸಿಕೊಂಡ ಉಡುಪು. ಅವನ ಸಭೆಗೆ ಹೊರಗಿನಿಂದ ಬಂದ ಕವಿಗೆ ಆ ಆಯ್ಕೆ ಇರಲಿಲ್ಲ. ನನ್ನ ಇವತ್ತಿನ ಮಾತೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ. ತಲೆಯುಡುಪಿನ ಬಗ್ಗೆ ಬರೆದವರು ಬಟ್ಟೆ ಯಾವುದು, ಬಣ್ಣ ಯಾವುದು, ಎಷ್ಟು ಮೊಳ ಎಂದು ಕೇಳುತ್ತಾರೆ. ನನಗೆ ಕುತೂಹಲವಿರುವುದು, ಹಾಕಿಕೋ ಎಂದವರು ಯಾರು, ತೆಗಿ ಎಂದವರು ಯಾರು ಎಂಬುದರಲ್ಲಿ.

ಹಳೆಯ ಕಾವ್ಯಗಳನ್ನು ತೆರೆದರೆ ಈ ಪ್ರಶ್ನೆ ರಣರಂಗದಲ್ಲೇ ತೀರ್ಮಾನವಾಗುತ್ತದೆ. ಅರ್ಜುನನಿಗೆ ಕಿರೀಟಿ ಎಂದೇ ಹೆಸರು, ಇಂದ್ರನೇ ತೊಡಿಸಿದ ಕಿರೀಟವೆಂಬ ಹೆಮ್ಮೆ. ಕರ್ಣನ ಸರ್ಪಾಸ್ತ್ರ ಬಂದಾಗ ಕೃಷ್ಣ ರಥವನ್ನು ನೆಲಕ್ಕೆ ಅಮುಕುತ್ತಾನೆ. ಕೊರಳು ಉಳಿಯುತ್ತದೆ, ಕಿರೀಟ ಹೋಗುತ್ತದೆ. ಇನ್ನು ರನ್ನನ ಗದಾಯುದ್ಧದಲ್ಲಿ ಭೀಮನಿಗೆ ದುರ್ಯೋಧನನ ತೊಡೆ ಮುರಿದದ್ದು ಸಾಲದು, ಮಕುಟವನ್ನು ಒದೆಯಲೇಬೇಕು. ಊರುಭಂಗ ಆದಮೇಲೂ ಕುರುರಾಜ ಅರಸನೇ. ಮಕುಟಭಂಗ ಆದ ಮೇಲೆ ಇಲ್ಲ. ಬಿದ್ದವನ ತಲೆಗೆ ಕಾಲು ತಾಗಿಸಿದ್ದನ್ನು ಯಾರೂ ಮೆಚ್ಚುವುದಿಲ್ಲ, ಬಲರಾಮನಂತೂ ಕೆರಳಿ ಏಳುತ್ತಾನೆ. ಆದರೂ ಕವಿಗೆ ಆ ಏಟು ಬೇಕಿತ್ತು. ರನ್ನನ ನಾಡಿನಲ್ಲೇ, ರನ್ನನ ಕಾಲದಲ್ಲೇ, ಶ್ರವಣಬೆಳಗೊಳದ ಬೆಟ್ಟದ ಮೇಲೆ ಬರಿ ಗುಂಗುರು ಕೂದಲಿನ ತಲೆಯಲ್ಲಿ ಒಬ್ಬ ನಿಂತ. ಅಣ್ಣನನ್ನು ಗೆದ್ದೂ ಕಿರೀಟ ಬೇಡವೆಂದವನು. ಅವನಿಗೆ ಯಾವ ಶಿಲ್ಪಿಯೂ ಏನನ್ನೂ ತೊಡಿಸಲು ಹೋಗಲಿಲ್ಲ.

ಅರಮನೆಯಿಂದ ಹೊರಗೆ ಬರೋಣ. ಯಾರ ಅಪ್ಪಣೆಗೂ ಕಾಯದೆ, ಬಿಸಿಲು ಮಳೆಗಳಷ್ಟೇ ಕೇಳಿದ್ದಕ್ಕೆ ಹುಟ್ಟಿಕೊಂಡ ತಲೆಯುಡುಪುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವುಗಳ ಬಗ್ಗೆ ಬರೆದದ್ದು ಕಡಿಮೆ. ತುಳುನಾಡಿನ ಮುಟ್ಟಾಳೆಯನ್ನೇ ನೋಡಿ. ಮಲೆನಾಡಿನವರು ಹಾಳೆಟೊಪ್ಪಿ ಎನ್ನುತ್ತಾರೆ. ತೋಟದಲ್ಲಿ ಉದುರಿದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ತಲೆಯ ಅಳತೆಗೆ ಮಡಿಸಿ ಹೊಲಿದರೆ ಮುಗಿಯಿತು. ಖರ್ಚಿಲ್ಲ. ತಲೆಹೊರೆ ಹೊತ್ತಾಗ ನೆತ್ತಿ ನೋಯುವುದಿಲ್ಲ, ಬಿಸಿಲಿಗೆ ತಂಪು, ಮಳೆಗೆ ನೀರಿಳಿಯುವುದಿಲ್ಲ, ಹರಿದರೆ ಗೊಬ್ಬರದ ಗುಂಡಿಗೆ. ಕೊರಗಜ್ಜನ ಮೂರ್ತಿಗಳ ತಲೆಯಲ್ಲೂ ಇದೇ ಇದೆ. ಜಾತಿಯ ಏಣಿಯಲ್ಲಿ ಕಟ್ಟಕಡೆಗೆ ತಳ್ಳಿದ್ದ ಕೊರಗ ಸಮುದಾಯದ ಒಬ್ಬ ಹುಡುಗ ದೈವವಾದಾಗ ಜನ ಅವನಿಗೆ ಚಿನ್ನದ ಕಿರೀಟ ಕಲ್ಪಿಸಲಿಲ್ಲ, ಹಾಳೆಯ ಟೋಪಿಯನ್ನೇ ಉಳಿಸಿದರು. ಇವತ್ತು ಮೇಲ್ಜಾತಿಯವರೂ ಆ ಟೋಪಿಯ ಮುಂದೆ ಕೈಮುಗಿದು ಹರಕೆ ಹೇಳಿಕೊಳ್ಳುತ್ತಾರೆ.

ಮಳೆಗಾಲಕ್ಕೆ ಗೊರಬು. ಬಿದಿರ ಸೀಳಿನ ಹೆಣಿಗೆಯ ನಡುವೆ ಎಲೆ ಹಾಸಿ ಮಾಡಿದ ಇದು ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತಿತ್ತು. ಆಷಾಢದ ಮಳೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ಹೆಂಗಸಿಗೆ ಎರಡು ಕೈಯೂ ಬೇಕು. ಕೊಡೆ ಹಿಡಿದು ನಾಟಿ ಮಾಡಿದವರನ್ನು ಯಾರಾದರೂ ಕಂಡಿದ್ದೀರಾ? ಗಂಡಸರಿಗೆ ಕಂಬಳಿಕೊಪ್ಪೆ. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಕೊಪ್ಪೆ ಹಾಕಿಕೊಂಡು ಕಾಡುದಾರಿಯಲ್ಲಿ ನಡೆಯುವ ಆಳುಗಳನ್ನು ಪರಿಚಯಿಸಬೇಕಿಲ್ಲ. ಕಂಬಳಿಯ ಜಾಗಕ್ಕೆ ಗೊಬ್ಬರದ ಚೀಲ ಬಂತು, ಗೊರಬಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು. ಮಡಿಸುವ ರೀತಿ ಮಾತ್ರ ಅದೇ, ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ತಲೆಗೆ ಸಿಕ್ಕಿಸುವುದು. ಗೊರಬು ಹೆಣೆಯುವವರು ಕಡಿಮೆಯಾದ ಮೇಲೆ ಅದು ರೆಸಾರ್ಟಿನ ಗೋಡೆಯ ಮೇಲೆ ಅಲಂಕಾರಕ್ಕೆ ಹತ್ತಿದೆ. ಅದನ್ನು ನೋಡಿ ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯುವುದಿಲ್ಲ.

ಆದರೆ ಅದೇ ಆಳು ಗದ್ದೆಯಿಂದ ಒಡೆಯರ ಮನೆಯಂಗಳಕ್ಕೆ ಬಂದಾಗ ಏನಾಗುತ್ತಿತ್ತು? ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಕಂಕುಳಿಗೆ ಸೇರಿಸಿ ದೂರ ನಿಲ್ಲಬೇಕಿತ್ತು. ಅದೇ ಒಡೆಯರು ಮರುದಿನ ಅಮಲ್ದಾರರ ಕಚೇರಿಗೆ ಹೋಗುವಾಗ ಬರಿತಲೆಯಲ್ಲಿ ಹೋಗುವಂತಿರಲಿಲ್ಲ, ರುಮಾಲು ಸುತ್ತಿಕೊಂಡೇ ಹೋಗಬೇಕಿತ್ತು. ಒಬ್ಬನಿಗೆ ತೆಗೆಯುವುದು ಮರ್ಯಾದೆ, ಇನ್ನೊಬ್ಬನಿಗೆ ಹಾಕುವುದು ಮರ್ಯಾದೆ. ಭಾರತೀಯರು ದೊಡ್ಡವರ ಮುಂದೆ ತಲೆ ಮುಚ್ಚುತ್ತಾರೆ, ಯೂರೋಪಿನವರು ತೆರೆಯುತ್ತಾರೆ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಅದು ಮೇಲಿನವರ ಮಾತು. ನಮ್ಮ ನೆಲದಲ್ಲೇ ಎರಡೂ ನಡೆಯುತ್ತಿದ್ದವು, ನೀವು ಯಾರು ಎಂಬುದರ ಮೇಲೆ. 1974ರ ಭೂಸುಧಾರಣೆ ಗೇಣಿದಾರನಿಗೆ ಗದ್ದೆ ಕೊಟ್ಟಿತೆಂದು ಹೇಳುತ್ತೇವೆ. ಕಂಕುಳಿನ ಬಟ್ಟೆಯನ್ನು ಮತ್ತೆ ತಲೆಗೆ ಏರಿಸಿದ್ದೂ ಅದೇ ಎಂದು ನಾನು ಸೇರಿಸುತ್ತೇನೆ.

ಇಂಗ್ಲಿಷರು ಬಂದಾಗ ಅವರನ್ನು ಗುರುತಿಸಿದ್ದೇ ಟೋಪಿಯಿಂದ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಶಿವಾಜಿಯ ವಂಶದವರಿಗೆ ಅಮಾತ್ಯನಾಗಿದ್ದ ರಾಮಚಂದ್ರ ಪಂತ ತನ್ನ ಆಜ್ಞಾಪತ್ರದಲ್ಲಿ ಪೋರ್ಚುಗೀಸರು, ಇಂಗ್ಲಿಷರು, ಡಚ್ಚರು, ಫ್ರೆಂಚರನ್ನೆಲ್ಲ ಟೋಪಿಕಾರರೆಂದು ಒಂದೇ ಗಂಟಿಗೆ ಕಟ್ಟಿ, ಇವರು ಬರಿ ವ್ಯಾಪಾರಿಗಳಲ್ಲ, ಜಾಗ ಕೊಡುವಾಗ ಎಚ್ಚರ ಎಂದು ಬರೆದ. ಮುಂದೆ ಆ ಟೋಪಿಕಾರರು ಬಿಸಿಲಿಗೆಂದು ಸೋಲಾ ಟೋಪಿ ಮಾಡಿಕೊಂಡರು. ಅದು ನೀರಿನ ತಾವಿನಲ್ಲಿ ಬೆಳೆಯುವ ಒಂದು ಗಿಡದ ಹಗುರ ಬೆಂಡು. ನಮ್ಮ ಮದುಮಕ್ಕಳ ಹಣೆಗೆ ಬಾಸಿಂಗ ಮಾಡುವ ಬೆಂಡನ್ನು ಸಾಹೇಬರು ನೆತ್ತಿಗೆ ಇಟ್ಟುಕೊಂಡರು. ಈ ಟೋಪಿ ಇಲ್ಲದೆ ಬಿಸಿಲಿಗೆ ಬಂದ ಬಿಳಿಯ ಬದುಕುವುದಿಲ್ಲವೆಂದು ನೂರು ವರ್ಷ ನಂಬಿದ್ದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಅದನ್ನು ಬಿಟ್ಟು ಓಡಾಡಿದರು, ಏನೂ ಆಗಲಿಲ್ಲ.

ತಮ್ಮ ತಲೆಗೆ ಏನು ಬೇಕಾದರೂ ಇಟ್ಟುಕೊಳ್ಳಲಿ. ಬೇರೆಯವರ ತಲೆಗೆ ಕೈಹಾಕಿದಾಗ ರಕ್ತ ಹರಿಯಿತು. 1805ರ ಕೊನೆಯಲ್ಲಿ ಮದರಾಸು ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್ ಹೊಸ ನಿಯಮ ತಂದ. ಸಿಪಾಯಿಗಳು ಹಣೆಗೆ ನಾಮ, ವಿಭೂತಿ ಹಚ್ಚಬಾರದು, ಗಡ್ಡ ಬೋಳಿಸಬೇಕು, ಹಳೆಯ ಮುಂಡಾಸು ಬಿಟ್ಟು ಹೊಸ ಮಾದರಿಯದನ್ನು ಧರಿಸಬೇಕು. ಹೊಸದು ನೋಡಲು ಇಂಗ್ಲಿಷರ ಹ್ಯಾಟಿನಂತೆಯೇ ಇತ್ತು, ಅದಕ್ಕೆ ಚರ್ಮದ ಕುಚ್ಚು ಬೇರೆ. ಹಿಂದೂಗಳಿಗೆ ಅದು ದನದ ಚರ್ಮದ ಭಯ, ಮುಸ್ಲಿಮರಿಗೆ ಹಂದಿಯ ಚರ್ಮದ ಭಯ, ಇಬ್ಬರಿಗೂ ಕ್ರೈಸ್ತರನ್ನಾಗಿ ಮಾಡುತ್ತಾರೆಂಬ ಭಯ. ಒಲ್ಲೆನೆಂದವರಿಗೆ ಛಡಿಯೇಟು ಬಿತ್ತು. 1806ರ ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆಯ ಸಿಪಾಯಿಗಳು ಎದ್ದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ಇಟ್ಟಿದ್ದದ್ದು ಅದೇ ಕೋಟೆಯಲ್ಲಿ. ಕೋಟೆಯ ಮೇಲೆ ಮೈಸೂರಿನ ಹುಲಿಬಾವುಟ ಏರಿತು. ಆರ್ಕಾಟಿನಿಂದ ಕರ್ನಲ್ ಗಿಲೆಸ್ಪಿ ಕುದುರೆ ದಳದೊಂದಿಗೆ ಧಾವಿಸಿ ಬಂದು ಅದೇ ದಿನ ದಂಗೆಯನ್ನು ಅಡಗಿಸಿದ. ಸತ್ತ ಸಿಪಾಯಿಗಳ ಲೆಕ್ಕ ನೂರುಗಳಲ್ಲಿ. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಕ್ರಾಡಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ವಾಪಸು ಕರೆಸಿಕೊಂಡರು. ಮುಂಡಾಸಿನ ಹೊಸ ನಿಯಮ ರದ್ದಾಯಿತು. 1857ರ ಕಾಡತೂಸಿನ ಕಥೆ ಶಾಲೆಯ ಮಕ್ಕಳಿಗೆಲ್ಲ ಗೊತ್ತು, ಅದಕ್ಕಿಂತ ಅರ್ಧ ಶತಮಾನ ಮೊದಲಿನ ಈ ಟೋಪಿಯ ಕಥೆ ಪಾಠಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ.

ಮೊದಲು ಹಾಕಿಕೋ ಎಂದು ಜಗಳ, ಆಮೇಲೆ ತೆಗಿ ಎಂದು ಜಗಳ. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಬ್ಯಾರಿಸ್ಟರ್ ಗಾಂಧಿ ಡರ್ಬನ್ನಿನ ನ್ಯಾಯಾಲಯದಲ್ಲಿ ಪೇಟ ಸುತ್ತಿಕೊಂಡು ಕೂತಿದ್ದರು. ಮ್ಯಾಜಿಸ್ಟ್ರೇಟ್ ದುರುಗುಟ್ಟಿ ನೋಡಿ, ತೆಗೆಯಿರಿ ಎಂದ. ಗಾಂಧಿ ಎದ್ದು ಹೊರಗೆ ಬಂದರು, ಪತ್ರಿಕೆಗೆ ಬರೆದರು, ಬಂದ ಕೆಲವೇ ದಿನಗಳಲ್ಲಿ ಹೆಸರಾದರು. ಪೇಟದ ರಗಳೆಯೇ ಬೇಡ, ಇಂಗ್ಲಿಷ್ ಹ್ಯಾಟು ಹಾಕಿಕೊಂಡುಬಿಡೋಣ ಎಂದೂ ಅವರಿಗೆ ಒಮ್ಮೆ ಅನಿಸಿತ್ತಂತೆ. ಹಾಗೆ ಮಾಡಿದರೆ ನಿಮ್ಮನ್ನು ಹೋಟೆಲಿನ ಮಾಣಿ ಎಂದುಕೊಳ್ಳುತ್ತಾರೆ ಎಂದು ಅವರನ್ನು ಕರೆಸಿಕೊಂಡಿದ್ದ ವ್ಯಾಪಾರಿ ಅಬ್ದುಲ್ಲಾ ಸೇಟರು ತಡೆದರು. ಮರುವರ್ಷ ನೇಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ಪ್ರಮಾಣ ತೆಗೆದುಕೊಂಡಾಗ ಮುಖ್ಯ ನ್ಯಾಯಾಧೀಶರು ಅದೇ ಮಾತು ಹೇಳಿದರು. ಈ ಸಲ ಗಾಂಧಿ ತೆಗೆದರು. ಸೇಟರಿಗೆ ಇದು ಹಿಡಿಸಲಿಲ್ಲ. ಗಾಂಧಿಗೆ ತಮ್ಮ ಶಕ್ತಿಯನ್ನು ದೊಡ್ಡ ಜಗಳಗಳಿಗೆ ಉಳಿಸಿಕೊಳ್ಳಬೇಕಿತ್ತು. ಆತ್ಮಕಥೆಯಲ್ಲಿ ಈ ಎರಡೂ ಘಟನೆಗಳನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾರೆ.

ಮುಂದೆ ಅವರದೇ ಹೆಸರಿನ ಟೋಪಿ ಬಂತು. ಒಂದು ಕಾಲಕ್ಕೆ ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದ ಕಾಕಾ ಕಾಲೇಲ್ಕರರು ಅದರ ಹುಟ್ಟನ್ನು ದಾಖಲಿಸಿದ್ದಾರೆ. ದೇಶದ ನಾನಾ ಪ್ರಾಂತಗಳ ತಲೆಯುಡುಪನ್ನೆಲ್ಲ ಗಾಂಧಿ ಲೆಕ್ಕಹಾಕಿದರಂತೆ. ಪೇಟ ಬಿಸಿಲಿಗೆ ಒಳ್ಳೆಯದು, ಆದರೆ ಬಟ್ಟೆ ವಿಪರೀತ ಬೇಕು. ಕಾಶ್ಮೀರಿ ಟೋಪಿಯ ಆಕಾರ ಚೆನ್ನ, ಮಡಿಸಿ ಜೇಬಿಗೆ ಹಾಕಬಹುದು, ಆದರೆ ಉಣ್ಣೆ ಬೇಡ, ಖಾದಿ ಇರಲಿ. ಬಣ್ಣ? ಬಿಳಿಯದೇ ಬೇಕು, ಬೆವರು, ಕೊಳೆ ಕಂಡರೆ ತಾನೆ ಒಗೆಯುವುದು! ವ್ಯಾಪಾರಿ ಕುಲದಲ್ಲಿ ಹುಟ್ಟಿದವರ ಈ ಲೆಕ್ಕಾಚಾರ ನನಗೆ ಬಹಳ ಇಷ್ಟ. ದೇಶಭಕ್ತಿಯಷ್ಟೇ ಗಂಭೀರವಾಗಿ ಇಲ್ಲಿ ಅಗಸನ ಖರ್ಚನ್ನೂ ಯೋಚಿಸಲಾಗಿದೆ. ಟೋಪಿ ಊರೂರಿಗೆ ಹಬ್ಬಿತು. ಹಬ್ಬುವಷ್ಟರಲ್ಲಿ, 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ, ಗಾಂಧಿ ಅಂಗಿ ಟೋಪಿ ಎರಡನ್ನೂ ಬಿಟ್ಟು ತುಂಡು ಪಂಚೆಗೆ ಬಂದುಬಿಟ್ಟಿದ್ದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಸಭೆಯ ತುಂಬ ಗಾಂಧಿ ಟೋಪಿ, ವೇದಿಕೆಯ ಮೇಲೆ ಟೋಪಿಯಿಲ್ಲದ ಗಾಂಧಿ.

ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರು 1935ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯಲ್ಲಿ, ಅಂದರೆ ಸ್ವಾಮಿ ಮತ್ತು ಅವನ ಗೆಳೆಯರ ಕಥೆಯಲ್ಲಿ, ಈ ಕಾಲದ ಒಂದು ತುಣುಕಿದೆ. ಸರಯೂ ನದಿಯ ದಡದಲ್ಲಿ ವಿದೇಶಿ ಬಟ್ಟೆಯ ಹೋಳಿ. ನಿನ್ನ ಟೋಪಿಯೂ ವಿದೇಶಿಯದೇ ಎಂದು ಯಾರೋ ಹೇಳಿದ ಕೂಡಲೆ ಸ್ವಾಮಿ ನಾಚಿಕೊಂಡು ಅದನ್ನು ಬೆಂಕಿಗೆ ಎಸೆಯುತ್ತಾನೆ, ದೇಶವನ್ನು ಉಳಿಸಿದೆನೆಂದು ಬೀಗುತ್ತಾನೆ. ಆಮೇಲೆ ಅಪ್ಪ ವಿಚಾರಿಸಿದಾಗ ತಿಳಿಯುತ್ತದೆ, ಅದು ಖಾದಿ ಅಂಗಡಿಯಿಂದ ತಂದ ಅಪ್ಪಟ ಖಾದಿ ಟೋಪಿ. ಅಷ್ಟೇ ಕಥೆ. ಅಸಹಕಾರದ ಬಗ್ಗೆ ಬಂದ ಎಷ್ಟೋ ದಪ್ಪ ಪುಸ್ತಕಗಳಲ್ಲಿ ಸಿಗದ ಒಂದು ನಿಜ ಈ ಒಂದೆರಡು ಪುಟಗಳಲ್ಲಿದೆ. ಆ ಬೆಂಕಿಯ ಸುತ್ತ ನಿಂತವರಲ್ಲಿ ಎಲ್ಲರಿಗೂ ತಮ್ಮ ಟೋಪಿ ಯಾವ ಬಟ್ಟೆಯದೆಂದು ಗೊತ್ತಿರಲಿಲ್ಲ.

ಇನ್ನೊಂದು ಕಥೆ ಕಾದಂಬರಿಯದಲ್ಲ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು. 1942ರಲ್ಲಿ, ಕ್ವಿಟ್ ಇಂಡಿಯಾ ಕರೆ ಬಂದ ಕಾಲದಲ್ಲಿ, ಈ ಹಳ್ಳಿ ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ಹುಡುಗರನ್ನೇ ತಮ್ಮ ಅಮಲ್ದಾರ, ತಮ್ಮ ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡಿತು. ದೊಡ್ಡವರನ್ನು ನೇಮಿಸಿದರೆ ಜೈಲಿಗೆ ಹಾಕುತ್ತಾರೆ, ಮಕ್ಕಳನ್ನು ಏನು ಮಾಡುತ್ತಾರೆ ಎಂಬ ಜಾಣತನವೂ ಅದರಲ್ಲಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರು, ನಿಜವಾದ ಸಬ್ ಇನ್ಸ್‌ಪೆಕ್ಟರು ಪೊಲೀಸರೊಂದಿಗೆ ಊರಿಗೆ ಬಂದರು. ಜನ ಪಟ್ಟುಹಿಡಿದದ್ದು ಒಂದಕ್ಕೆ: ಈ ಊರಿನಲ್ಲಿ ಈಗ ನಮ್ಮ ಸರ್ಕಾರ, ನೀವು ಗಾಂಧಿ ಟೋಪಿ ಹಾಕಿಕೊಳ್ಳಬೇಕು. ಸರ್ಕಾರಿ ಪೇಟವಿದ್ದ ತಲೆಗೆ ಖಾದಿ ಟೋಪಿ! ಅದು ಅವರಿಗೆ ನುಂಗಲಾರದ ತುತ್ತು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಗುಂಡು ಹಾರಿತು, ಜನ ರೊಚ್ಚಿಗೆದ್ದರು. ಆ ಇಬ್ಬರೂ ಅಧಿಕಾರಿಗಳು ಹಳ್ಳಿಯಲ್ಲೇ ಸತ್ತರು. ಬಳಿಕ ಬಂದ ಪಡೆ ಊರನ್ನು ಸೂರೆ ಮಾಡಿತು, ಜನ ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈಸೂರಿನ ಜನ ವೀರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಲವಂತವಾಗಿ ಟೋಪಿ ತೊಡಿಸುವುದು ಕ್ರಾಡಕ್‌ನಿಗೆ ತಪ್ಪಾದರೆ ನಮಗೆ ಸರಿಯಾದದ್ದು ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಲಭದ್ದಲ್ಲ. ನನಗೆ ತೋರುವುದಿಷ್ಟು. ಕ್ರಾಡಕ್‌ನ ಹಿಂದೆ ಸೈನ್ಯವಿತ್ತು, ಛಡಿಯಿತ್ತು. ಹಳ್ಳಿಯವರ ಕೈಯಲ್ಲಿ ಆಜ್ಞೆ ಮಾಡುವ ಸರದಿ ಬಂದದ್ದು ಅವರ ಜೀವನದಲ್ಲಿ ಆ ಒಂದೇ ಸಲ, ಕೆಲವೇ ದಿನ. ಸತ್ತ ಅಧಿಕಾರಿಗಳೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರೇ. ಅವರ ಮನೆಯವರ ನೋವನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹೇಳಿದ್ದರೆ ಈಸೂರಿನ ಗೌರವಕ್ಕೆ ಕುಂದೇನೂ ಬರುತ್ತಿರಲಿಲ್ಲ.

ಅದೇ ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿ ಇನ್ನೊಂದು ತಲೆಯುಡುಪು ತನ್ನ ಕೊನೆಯ ವೈಭವದಲ್ಲಿತ್ತು. ದಸರೆಯ ದರ್ಬಾರಿಗೆ ಹೋಗಬೇಕಾದರೆ ಉದ್ದನೆಯ ಕಪ್ಪು ಕೋಟು, ಬಿಳಿ ಷರಾಯಿ, ತಲೆಗೆ ಜರಿಯ ಪೇಟ. ಅದಿಲ್ಲದವನಿಗೆ ಬಾಗಿಲಲ್ಲೇ ತಡೆ. ಈ ಪೇಟಕ್ಕೆ ಜಾತಿ ಮತದ ಭೇದವಿರಲಿಲ್ಲವೆಂಬುದನ್ನು ಮೆಚ್ಚಬೇಕು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಚಿತ್ರವನ್ನು ಪೇಟವಿಲ್ಲದೆ ನಾವು ಗುರುತಿಸುವುದೇ ಕಷ್ಟ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಚಿತ್ರಗಳಲ್ಲೂ ತಲೆಯ ಮೇಲೆ ಪೇಟವೇ. ಸಾಬರಿಗೊಂದು, ಬ್ರಾಹ್ಮಣರಿಗೊಂದು ಎಂದು ಮೈಸೂರಿನ ಕಚೇರಿ ಕೇಳಲಿಲ್ಲ. ಗುಮಾಸ್ತ, ಮೇಷ್ಟ್ರು, ವಕೀಲ ಎಲ್ಲರೂ ಅಂತಸ್ತಿಗೆ ತಕ್ಕ ರುಮಾಲು ಸುತ್ತುತ್ತಿದ್ದರು. ಬೆಳಗ್ಗೆ ಒಂದು ತುದಿಯನ್ನು ಮಗ ಹಿಡಿದು ನಿಲ್ಲಬೇಕು, ಇನ್ನೊಂದು ತುದಿಯಿಂದ ಅಪ್ಪ ಸುತ್ತಿಕೊಳ್ಳಬೇಕು. ಸ್ಕೂಲಿಗೆ ತಡವಾಯಿತೆಂದು ಮಗ ಚಡಪಡಿಸಬೇಕು.

ಆ ರುಮಾಲು ಹೋದದ್ದು ಹೇಗೆ? ಚಳವಳಿಯಿಂದ ಅಲ್ಲ, ಕ್ಷೌರದಂಗಡಿಯಿಂದ. ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಟ್ಟ ತಲೆಗೆ ರುಮಾಲು ಹೇಳಿಮಾಡಿಸಿದ್ದು. ಕ್ರಾಪು ಬಂತು, ಬೈತಲೆ ಬಂತು, ಎಣ್ಣೆ ಹಚ್ಚಿ ಬಾಚಿದ ಕೂದಲನ್ನು ತೋರಿಸಿಕೊಳ್ಳುವ ಆಸೆ ಬಂತು. ಕ್ರಾಪು ಬಿಟ್ಟ ಮಗನನ್ನು ಮನೆಯಿಂದ ಹೊರಗೆ ಹಾಕಿದ ತಂದೆಯರ ಕಥೆಗಳು ಹಳೆಯ ಮೈಸೂರಿನ ಮನೆಮನೆಯಲ್ಲಿವೆ. ಒಂದೇ ತಲೆಮಾರಿನಲ್ಲಿ ನಗರಗಳ ಗಂಡಸರ ತಲೆ ಬರಿದಾಯಿತು. ಉಳಿದದ್ದು ಉತ್ತರ ಕರ್ನಾಟಕದ ಹಳ್ಳಿಗಳ ಪಟಗ, ಕೊಡವರ ಮದುವೆಯ ಮಂಡೆತುಣಿ. ಮತ್ತೆ, ಸನ್ಮಾನದ ಪೇಟ.

ಈ ಸನ್ಮಾನದ ಪೇಟದ ಬಗ್ಗೆ ನನಗೆ ಒಂದು ತಕರಾರಿದೆ. ರಟ್ಟಿನ ಅಚ್ಚಿಗೆ ಬಟ್ಟೆ ಅಂಟಿಸಿ, ಮೊದಲೇ ಸುತ್ತಿಟ್ಟ ಇದು ಅಂಗಡಿಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಒಂದೇ ಬಿಲ್ಲಿಗೆ ಸಿಗುತ್ತದೆ. ಎಲ್ಲ ತಲೆಗೂ ಒಂದೇ ಅಳತೆ. ಸಣ್ಣ ತಲೆಯವರಿಗೆ ಕಣ್ಣು ಮುಚ್ಚುತ್ತದೆ, ದೊಡ್ಡ ತಲೆಯವರಿಗೆ ನೆತ್ತಿಯ ಮೇಲೆ ಕೂತಿರುತ್ತದೆ. ಫೋಟೋ ಮುಗಿಯುವವರೆಗೆ ಒಂದು ಕೈಯಿಂದ ಅದನ್ನು ಹಿಡಿದುಕೊಂಡಿರುವ ಸಾಹಿತಿಯ ಮುಖವನ್ನು ನೀವೂ ನೋಡಿದ್ದೀರಿ. ತೊಡಿಸುವುದೇ ಆದರೆ ಬಟ್ಟೆ ತಂದು ಅವರ ತಲೆಗೆ ಸುತ್ತಿ. ಅದಕ್ಕೆ ಬಿಡುವಿಲ್ಲದಿದ್ದರೆ ಎರಡು ಪುಸ್ತಕ ಕೊಟ್ಟು ಕಳಿಸಿ.

ಸುತ್ತುವ ಕಲೆ ಪೂರ್ತಿ ಸತ್ತಿಲ್ಲ. ಬಡಗುತಿಟ್ಟಿನ ಯಕ್ಷಗಾನ ಮೇಳದ ಚೌಕಿಗೆ ರಾತ್ರಿ ಎಂಟಕ್ಕೆ ಹೋಗಿ ಕೂತರೆ ಅದನ್ನು ಕಾಣಬಹುದು. ಒಳಗಿನ ಅಟ್ಟೆಯ ಮೇಲೆ ಬಟ್ಟೆಯ ಸುತ್ತು, ಅದರ ಮೇಲೆ ಹೊಳೆಯುವ ಜರಿಪಟ್ಟಿಗಳ ಓರೆ ಸಾಲು, ಎಲ್ಲವನ್ನೂ ಕಲಾವಿದನ ತಲೆಯ ಮೇಲೆಯೇ ಬಿಗಿಯುತ್ತ ಕಟ್ಟಬೇಕು. ಬಿಗಿ ಕಡಿಮೆಯಾದರೆ ಗಿರಕಿ ಹೊಡೆಯುವಾಗ ಬಿಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬೆಳಗಿನ ತನಕ ತಲೆನೋವು. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ. ದೊಡ್ಡ ವೇಷಗಳಿಗೆ ದೊಡ್ಡ ಮುಂಡಾಸು. ಭಾಗವತರು ಹೆಸರು ಹೇಳುವ ಮೊದಲೇ ಹಳೆಯ ಪ್ರೇಕ್ಷಕ ಮುಂಡಾಸಿನ ಬಣ್ಣ, ಗಾತ್ರ, ಓರೆಯನ್ನು ನೋಡಿ ಬಂದವನು ಯಾರೆಂದು ಹೇಳಬಲ್ಲ. ಶಿವರಾಮ ಕಾರಂತರು ಯಕ್ಷಗಾನ ಬಯಲಾಟ ಎಂಬ ತಮ್ಮ ಪುಸ್ತಕಕ್ಕಾಗಿ ವರ್ಷಗಟ್ಟಲೆ ಮೇಳಗಳ ಹಿಂದೆ ಅಲೆದು ವೇಷಭೂಷಣಗಳನ್ನು ದಾಖಲಿಸಿದರು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಇಷ್ಟು ಹೊತ್ತು ಗಂಡಸರ ತಲೆಯನ್ನೇ ಸುತ್ತಿದೆ. ಗದ್ದೆಯ ಗೊರಬು ಬಿಟ್ಟರೆ ಹೆಣ್ಣಿನ ತಲೆಗೆ ನಮ್ಮಲ್ಲಿ ಟೋಪಿಯೇ ಇರಲಿಲ್ಲ. ಹೂವಿತ್ತು, ಸೆರಗಿತ್ತು. ಹೂವನ್ನು ಕಿತ್ತುಕೊಳ್ಳುವ ಅಧಿಕಾರ ಮಾತ್ರ ಊರಿಗೆಲ್ಲ ಇತ್ತು. ಎಂ. ಕೆ. ಇಂದಿರಾ ಅವರ ಕಾದಂಬರಿ ಫಣಿಯಮ್ಮ 1976ರಲ್ಲಿ ಬಂತು. ಬಾಲ್ಯದಲ್ಲೇ ವಿಧವೆಯಾದ ಹುಡುಗಿ ಮೈನೆರೆದ ಮೇಲೆ ಅವಳ ತಲೆ ಬೋಳಿಸಿ ಕೆಂಪು ಸೀರೆಯ ಸೆರಗನ್ನು ಅದರ ಮೇಲೆ ಎಳೆದುಬಿಡುತ್ತಾರೆ. ಲೇಖಕಿ ಅದನ್ನು ಅಳುತ್ತ ಬರೆಯಲಿಲ್ಲ, ಆದದ್ದನ್ನು ಆದ ಹಾಗೆ ಹೇಳಿದರು. ವಯಸ್ಸಾದ ಫಣಿಯಮ್ಮ ಇನ್ನೊಬ್ಬ ಹುಡುಗಿಯ ತಲೆ ಬೋಳಿಸುವ ಮಾತು ಬಂದಾಗ ಅವಳ ಪರ ನಿಲ್ಲುತ್ತಾಳೆ. ಕನ್ನಡದಲ್ಲಿ ತಲೆಯ ಬಗ್ಗೆ ಬಂದ ಪುಸ್ತಕ ಒಂದನ್ನೇ ಹೆಸರಿಸಿ ಎಂದರೆ ನಾನು ಇದನ್ನು ಹೆಸರಿಸುತ್ತೇನೆ, ಯಾವ ಕಿರೀಟದ ಕಾವ್ಯವನ್ನೂ ಅಲ್ಲ. ಜಗಳ ಅಲ್ಲಿಗೆ ಮುಗಿಯಲೂ ಇಲ್ಲ. 2022ರಲ್ಲಿ ಉಡುಪಿಯ ಕಾಲೇಜಿನ ಬಾಗಿಲಲ್ಲಿ ಹಿಜಾಬಿನ ವಿವಾದ ಎದ್ದು, ಎದುರಿಗೆ ಕೇಸರಿ ಶಾಲು ಪೇಟಗಳು ಬಂದು, ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ವರ್ಷದ ಅಕ್ಟೋಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು.

ಗಾಂಧಿ ಟೋಪಿಯ ಮುಂದಿನ ಗತಿ ನಿಮಗೆ ಗೊತ್ತೇ ಇದೆ. ಮೈಸೂರಿನಲ್ಲಿ ಹುಟ್ಟಿ, ಕೊರವಂಜಿ ಪತ್ರಿಕೆಗೆ ಚಿತ್ರ ಬರೆಯುತ್ತ ಬೆಳೆದ ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳಲ್ಲಿ ಟೋಪಿ ಇರುವುದು ಡೊಳ್ಳುಹೊಟ್ಟೆಯ ಮಂತ್ರಿಗೆ. ಶ್ರೀಸಾಮಾನ್ಯನದು ಬೋಳುತಲೆ. ಜೈಲಿಗೆ ಹೋದವರ ಟೋಪಿ ಇಪ್ಪತ್ತು ವರ್ಷಗಳಲ್ಲಿ ಕುರ್ಚಿಗೆ ಹೋದವರ ಟೋಪಿಯಾಯಿತು. ಅದನ್ನು ಕೆಡಿಸಲು ಯಾವ ಸಾಹೇಬನೂ ಬರಬೇಕಾಗಲಿಲ್ಲ. ಈಚೆಗೆ, 2025ರ ಅಕ್ಟೋಬರಿನಲ್ಲಿ, ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್‌ಗಳ ಒಂದು ಬದಿ ಮಡಿಸಿದ ಹಳೆಯ ಸ್ಲೋಚ್ ಹ್ಯಾಟು ಹೋಗಿ ಕಡುನೀಲಿಯ ಪೀಕ್ ಕ್ಯಾಪ್ ಬಂತು. ಗದ್ದಲದಲ್ಲಿ ಓಡುವಾಗ ಆ ಹ್ಯಾಟು ಉದುರಿಬೀಳುತ್ತಿತ್ತು, ಬಿಸಿಲಲ್ಲಿ ಭಾರವಾಗುತ್ತಿತ್ತು. ಹಾಕಿಕೊಳ್ಳುವವರ ಕಷ್ಟ ಕೇಳಿ ಟೋಪಿ ಬದಲಿಸಿದ ಇಂಥ ಪ್ರಸಂಗ ನಮ್ಮ ಚರಿತ್ರೆಯಲ್ಲಿ ಅಪರೂಪ.

ಇವತ್ತು ಕರ್ನಾಟಕದಲ್ಲಿ ಅತಿ ಹೆಚ್ಚು ತಲೆಗಳ ಮೇಲೆ ಕಾಣುವುದು ಪೇಟವೂ ಅಲ್ಲ, ಟೋಪಿಯೂ ಅಲ್ಲ, ಹೆಲ್ಮೆಟ್ಟು. ಅದೂ ಅಪ್ಪಣೆಯೇ, ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್. 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಕಡ್ಡಾಯ. ಜನ ಇದನ್ನೂ ಪೊಲೀಸರ ಸಲುವಾಗಿ ಹಾಕಿಕೊಳ್ಳುತ್ತಾರೆ; ಸರ್ಕಲ್ ಬಂದಾಗ ತಲೆಗೆ, ದಾಟಿದ ಮೇಲೆ ಕನ್ನಡಿಗೆ. ಅರ್ಧ ತೆಂಗಿನ ಚಿಪ್ಪಿನಂಥ ಬುರುಡೆ ಹೆಲ್ಮೆಟ್ಟು ದಂಡ ತಪ್ಪಿಸುತ್ತದೆ, ತಲೆ ಉಳಿಸುವುದಿಲ್ಲ. ನಾನು ಈವರೆಗೆ ಹೇಳಿದ ಅಪ್ಪಣೆಗಳಲ್ಲಿ ಕೊಟ್ಟವನಿಗಿಂತ ಪಾಲಿಸಿದವನಿಗೆ ಹೆಚ್ಚು ಲಾಭವಿರುವುದು ಇದೊಂದರಲ್ಲೇ. ಆದ್ದರಿಂದ ಕೇಳುಗರಲ್ಲಿ ಒಂದು ವಿನಂತಿ: ನಾಳೆ ಬೆಳಗ್ಗೆ ಗಾಡಿ ತೆಗೆಯುವ ಮೊದಲು ಹೆಲ್ಮೆಟ್ಟಿನ ಹಿಂಬದಿ ನೋಡಿ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು. ಗದ್ದದ ಕೆಳಗಿನ ಪಟ್ಟಿ ಸಿಕ್ಕಿಸಿ. ಹಿಂದೆ ಕೂತ ಮಗುವಿಗೂ ಅದರ ಅಳತೆಯದನ್ನೇ ಕೊಡಿಸಿ.